ಹಳೆಯ ಮನೆ, ಹೊಸ ಪಾಲುದಾರರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಮನೆಯನ್ನು ಕಡಿಮೆ ಬೆಲೆಗೆ ಕೊಂಡು, ದುರಸ್ತಿ ಮಾಡಿಸಿ, ಕೆಲವೇ ತಿಂಗಳುಗಳಲ್ಲಿ ಮಾರಿ ಲಾಭ ಪಡೆಯುವ ‘ಹೌಸ್ ಫ್ಲಿಪ್ಪಿಂಗ್’ ವ್ಯವಹಾರದ ಬಗ್ಗೆ ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಗಿಂತ ಪಾಲುದಾರರಿಗೆ ಸಂಬಂಧಿಸಿದವು. ಆದ್ದರಿಂದ ಉತ್ತರಗಳೂ ಅತ್ತಲೇ ಹೆಚ್ಚು ವಾಲಿವೆ.

ಪ್ರಶ್ನೆ: ಮಾನ್ಯರೇ, ನಾವು ಮೂವರು ಸ್ನೇಹಿತರು. ಒಬ್ಬರ ಬಳಿ ಉಳಿತಾಯದ ಹಣವಿದೆ. ಇನ್ನೊಬ್ಬರು ಕಟ್ಟಡದ ಕೆಲಸ ಬಲ್ಲವರು. ನನ್ನಲ್ಲಿ ಹಣವಿಲ್ಲ, ಆದರೆ ಬ್ಯಾಂಕಿನಲ್ಲಿ ಸಾಲ ಸಿಗುವಷ್ಟು ಸಂಬಳವಿದೆ. ಮೂವರೂ ಸೇರಿ ಮನೆ ಕೊಂಡು, ಸರಿಪಡಿಸಿ, ಮಾರಿ, ಬಂದ ಲಾಭವನ್ನು ಸಮವಾಗಿ ಹಂಚಿಕೊಳ್ಳುವುದೆಂದು ಮಾತಾಗಿದೆ. ಇದು ಸರಿಯಾದ ಕ್ರಮವೇ? ನಮ್ಮ ನಡುವೆ ಕಾಗದಪತ್ರ ಬೇಕೇ?

ಉತ್ತರ: ಸಮಪಾಲು ತಪ್ಪಲ್ಲ. ಆದರೆ ಯಾವ ಮೊತ್ತವನ್ನು ಸಮವಾಗಿ ಹಂಚಿಕೊಳ್ಳುತ್ತೀರಿ ಎಂಬುದನ್ನು ನೀವು ಇನ್ನೂ ನಿರ್ಧರಿಸಿಲ್ಲ. ಈ ವ್ಯವಹಾರಕ್ಕೆ ನೀವು ಮೂವರೂ ತರುತ್ತಿರುವ ವಸ್ತುಗಳು ಒಂದೇ ಜಾತಿಯವಲ್ಲ: ಒಬ್ಬರದು ಹಣ, ಒಬ್ಬರದು ದುಡಿಮೆ, ನಿಮ್ಮದು ಸಾಲಕ್ಕೆ ಹಾಕುವ ಸಹಿ. ಈ ಮೂರನೆಯದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವ್ಯವಹಾರ ಕೆಟ್ಟರೆ ಬ್ಯಾಂಕಿನವರು ಮೊದಲು ಹುಡುಕಿಕೊಂಡು ಬರುವುದು ಮಾತ್ರ ಆ ಸಹಿ ಹಾಕಿದವರನ್ನೇ.

ಒಂದು ಲೆಕ್ಕ ಹಾಕಿ ನೋಡೋಣ (ಅಂಕಿಗಳು ಲಕ್ಷದಲ್ಲಿವೆ ಎಂದುಕೊಳ್ಳಿ). ಮನೆ ಮಾರಿ, ಮಾರಾಟದ ಖರ್ಚು ಮತ್ತು ಬಾಕಿ ಬಿಲ್ಲುಗಳನ್ನೆಲ್ಲ ತೀರಿಸಿದ ಮೇಲೆ ಕೈಯಲ್ಲಿ 70 ಉಳಿಯಿತು ಎಂದಿಟ್ಟುಕೊಳ್ಳಿ. ಅದರಲ್ಲಿ ಬ್ಯಾಂಕಿನ ಸಾಲಕ್ಕೆ 30 ಹೋಗಬೇಕು, ಸ್ನೇಹಿತರು ಹಾಕಿದ ಬಂಡವಾಳ 28 ಅವರಿಗೆ ಮರಳಬೇಕು, ಉಳಿಯುವುದು 12. ನಿಮ್ಮ ಮಾತಿನಂತೆ ಹಂಚಿದರೆ ಒಬ್ಬೊಬ್ಬರಿಗೆ 4. ಆದರೆ ಹಣ ಹಾಕಿದವರು, ಅಷ್ಟು ಕಾಲ ತಮ್ಮ ಹಣ ಕಟ್ಟಿಬಿದ್ದುದಕ್ಕೆ ಪ್ರತಿಫಲ ಬೇಡವೇ ಎಂದು ಕೇಳಿದರೆ ಅದು ನ್ಯಾಯವಾದ ಮಾತು. ದಿನವೂ ಕೆಲಸದ ಜಾಗದಲ್ಲಿ ನಿಂತು ಮೇಲ್ವಿಚಾರಣೆ ಮಾಡಿದವರು ಕೂಲಿ ಕೇಳಿದರೆ ಅದೂ ನ್ಯಾಯವೇ. ಬಂಡವಾಳಕ್ಕೆ 3, ಮೇಲ್ವಿಚಾರಣೆಗೆ 3 ಎಂದು ಮೊದಲೇ ತೆಗೆದಿಟ್ಟರೆ ಹಂಚಿಕೆಗೆ ಉಳಿಯುವುದು 6. ಆಗ ಅವರಿಬ್ಬರಿಗೆ ತಲಾ 5, ನಿಮಗೆ 2. ಇನ್ನು ನೀವು, 30ರ ಸಾಲದ ಹೊಣೆ ಹೊತ್ತದ್ದಕ್ಕೆ ಏನೂ ಇಲ್ಲವೇ ಎಂದು ಕೇಳಲು ನಿಮಗೂ ಹಕ್ಕಿದೆ. ಈ ಮೂರು ಪ್ರಶ್ನೆಗಳನ್ನೂ ಮನೆ ನೋಡುವ ಮೊದಲೇ ಕೇಳಿ, ಮಾರಿ ಬಂದ ಹಣ ಯಾವ ಕ್ರಮದಲ್ಲಿ ಯಾರ ಕೈ ಸೇರಬೇಕೆಂದು ಬರೆದಿಟ್ಟುಕೊಳ್ಳುವುದು ಪಾಲುದಾರಿಕೆಯ ಮೊದಲ ಕೆಲಸ: ಹೊರಗಿನ ಸಾಲ ಮತ್ತು ತೆರಿಗೆ, ಆಮೇಲೆ ಅಸಲು, ಆಮೇಲೆ ಅಸಲಿನ ಪ್ರತಿಫಲ ಮತ್ತು ದುಡಿಮೆಯ ಸಂಭಾವನೆ, ಕೊನೆಗೆ ಉಳಿದದ್ದರಲ್ಲಿ ಪಾಲು.

ಇನ್ನು ಇದೇ ಮನೆಯಲ್ಲಿ ನಷ್ಟವಾಯಿತು ಎನ್ನಿ. ಕೈಗೆ ಬಂದದ್ದು 46 ಮಾತ್ರ. ಸಾಲ ತೀರಿಸಿದರೆ ಉಳಿಯುವುದು 16. ಬಂಡವಾಳದಲ್ಲಿ 12 ಕರಗಿದೆ. ಲಾಭ ಸಮ ಎಂದವರು, ಬೇರೆ ಮಾತಿಲ್ಲದಿದ್ದರೆ, ನಷ್ಟವೂ ಸಮ ಎಂದು ಒಪ್ಪಿಕೊಂಡಂತೆಯೇ. ಅಂದರೆ ಒಂದು ಕಾಸೂ ಹಾಕದಿದ್ದ ನೀವಿಬ್ಬರೂ ನಿಮ್ಮ ಜೇಬಿನಿಂದ ತಲಾ 4 ತೆಗೆದು ಹಣ ಹಾಕಿದ ಸ್ನೇಹಿತರಿಗೆ ಕೊಡಬೇಕಾಗುತ್ತದೆ. ಲಾಭದ ಹಂಚಿಕೆಯನ್ನು ಚಹಾ ಕುಡಿಯುತ್ತ ಐದು ನಿಮಿಷದಲ್ಲಿ ತೀರ್ಮಾನಿಸುವವರು ನಷ್ಟದ ಹಂಚಿಕೆಯ ಮಾತು ಬಂದಾಗ ಅಪಶಕುನವೆಂಬಂತೆ ಸುಮ್ಮನಾಗುವುದನ್ನು ನೋಡಿದರೆ, ಪಾಲುದಾರಿಕೆಗಳು ಎಲ್ಲಿ ಮುರಿಯುತ್ತವೆಂದು ಹೇಳಲು ಜ್ಯೋತಿಷಿಯೇ ಬೇಕಾಗಿಲ್ಲ.

ಕಾಗದ ಬೇಕೇ ಎಂದು ಕೇಳಿದ್ದೀರಿ. ನೀವು ಬರೆಯದಿದ್ದರೂ ನಿಮ್ಮ ಪರವಾಗಿ ಕಾನೂನು ಒಂದು ಒಪ್ಪಂದವನ್ನು ಬರೆದಿಟ್ಟಿದೆ, ಮತ್ತು ಅದು ನಿಮಗೆ ಹಿಡಿಸದಿರುವ ಸಾಧ್ಯತೆಯೇ ಹೆಚ್ಚು. ಇಂಗ್ಲೆಂಡಿನ 1890ರ ಪಾಲುದಾರಿಕೆ ಕಾಯ್ದೆ ಮತ್ತು ಭಾರತದ 1932ರ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತವೆ: ಬೇರೆ ಒಪ್ಪಂದವಿಲ್ಲದಿದ್ದರೆ ಲಾಭ ನಷ್ಟಗಳು ಸಮಪಾಲು, ಮತ್ತು ವ್ಯವಹಾರ ನಡೆಸಲು ದುಡಿದ ಪಾಲುದಾರರಿಗೆ ಅದಕ್ಕಾಗಿ ಸಂಭಾವನೆ ಕೇಳುವ ಹಕ್ಕಿಲ್ಲ. ಅಂದರೆ ಆರು ತಿಂಗಳು ಧೂಳು ತಿಂದು ಕೆಲಸ ಮಾಡಿಸಿದ ನಿಮ್ಮ ಸ್ನೇಹಿತರು, ಬರಹವಿಲ್ಲದಿದ್ದರೆ, ಕೂಲಿಯ ಮಾತನ್ನೇ ಎತ್ತುವಂತಿಲ್ಲ. ಹೊರಗಿನವರ ಎದುರು ಹೊಣೆಯಂತೂ ಜಂಟಿಯೂ ಹೌದು, ಒಬ್ಬೊಬ್ಬರದೂ ಹೌದು. ಒಬ್ಬ ಪಾಲುದಾರರು ಸಂಸ್ಥೆಯ ಹೆಸರಿನಲ್ಲಿ ಸಾಮಗ್ರಿ ತಂದು ಬಾಕಿ ಉಳಿಸಿದರೆ, ಅಂಗಡಿಯವರು ಪೂರ್ತಿ ಮೊತ್ತವನ್ನು ನಿಮ್ಮೊಬ್ಬರಿಂದಲೇ ವಸೂಲು ಮಾಡಬಹುದು. ಭಾರತದಲ್ಲಿ ಇನ್ನೊಂದು ತೊಡಕೂ ಇದೆ: ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ, ಒಪ್ಪಂದದಿಂದ ಬಂದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು, ಪಾಲುದಾರರೂ ಅಂಥ ಹಕ್ಕಿಗಾಗಿ ಪರಸ್ಪರರ ಮೇಲೆ ದಾವೆ ಹೂಡುವುದಕ್ಕೆ, ಸಂಸ್ಥೆಯ ವಿಸರ್ಜನೆ ಮತ್ತು ಲೆಕ್ಕ ಕೇಳುವಂಥ ಕೆಲವು ಸಂದರ್ಭಗಳ ಹೊರತು, ಅವಕಾಶವಿಲ್ಲ.

ಹೊಣೆಯನ್ನು ಹಾಕಿದ ಬಂಡವಾಳಕ್ಕೆ ಸೀಮಿತಗೊಳಿಸಲು ಕಂಪನಿಯನ್ನೋ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯನ್ನೋ ಕಟ್ಟಬಹುದು. ಬ್ರಿಟನ್ನಿನಲ್ಲಿ 2000ದ, ಭಾರತದಲ್ಲಿ 2008ರ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿವೆ. ಆದರೆ ಹೊಸ ಸಂಸ್ಥೆಗೆ ಸಾಲ ಕೊಡುವ ಬ್ಯಾಂಕು ಪಾಲುದಾರರ ವೈಯಕ್ತಿಕ ಜಾಮೀನನ್ನು ಸಾಮಾನ್ಯವಾಗಿ ಕೇಳುತ್ತದೆ. ಆ ಜಾಮೀನಿಗೆ ಸಹಿ ಹಾಕಿದ ಮೇಲೆ, ಆ ಸಾಲದ ಮಟ್ಟಿಗೆ, ಸೀಮಿತ ಹೊಣೆ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ.

ಪ್ರಶ್ನೆ: ದುರಸ್ತಿಯ ಖರ್ಚು ಅಂದಾಜನ್ನು ಮೀರಿದೆ. ನಾನು ಇನ್ನಷ್ಟು ಹಣ ಹಾಕಲು ಸಿದ್ಧನಿದ್ದೇನೆ, ನನ್ನ ಪಾಲುದಾರರು ಸಿದ್ಧರಿಲ್ಲ. ಅವರು ಇದ್ದ ಸ್ಥಿತಿಯಲ್ಲೇ ಮನೆ ಮಾರೋಣ ಎನ್ನುತ್ತಾರೆ. ಇಂಥ ಸಂದರ್ಭದಲ್ಲಿ ಏನು ಮಾಡಬೇಕು?

ಉತ್ತರ: ನಿಮ್ಮ ಒಪ್ಪಂದದಲ್ಲಿ ಇದಕ್ಕೆ ಉತ್ತರವಿದ್ದಿದ್ದರೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ. ಈಗ ಉಳಿದಿರುವುದು ಮಾತುಕತೆಯೊಂದೇ. ಅದಕ್ಕೆ ಕೂರುವ ಮುನ್ನ ಎರಡು ಲೆಕ್ಕಗಳನ್ನು ಕಾಗದದ ಮೇಲೆ ಇಳಿಸಿ: ಇಂದೇ, ಇದ್ದ ಹಾಗೆಯೇ ಮಾರಿದರೆ ಒಬ್ಬೊಬ್ಬರ ಕೈಗೆ ಎಷ್ಟು ಬರುತ್ತದೆ, ಮತ್ತು ಉಳಿದ ಕೆಲಸ ಮುಗಿಸಿ ಮಾರಿದರೆ, ಆ ತಿಂಗಳುಗಳ ಬಡ್ಡಿಯನ್ನೂ ಸೇರಿಸಿ, ಎಷ್ಟು ಬರುತ್ತದೆ. ಈಗಾಗಲೇ ಸುರಿದ ಹಣವನ್ನು ಈ ಎರಡೂ ಲೆಕ್ಕಗಳಿಂದ ಹೊರಗಿಡಿ. ಅದು ಹೋದದ್ದು ಹೋಯಿತು, ಯಾವ ದಾರಿ ಹಿಡಿದರೂ ಅದು ಬದಲಾಗದು. ಅರೆಬರೆ ಕೆಲಸವಾದ ಮನೆಗೆ ಬೆಲೆ ಬಹಳ ಕಡಿಮೆ ಬರುವುದರಿಂದ, ಉಳಿದ ಕೆಲಸ ಸಣ್ಣದಾಗಿದ್ದರೆ ಮುಗಿಸುವುದೇ ಸಾಮಾನ್ಯವಾಗಿ ಲೇಸು. ಆದರೆ ಅಂದಾಜು ಎರಡನೆಯ ಬಾರಿ ಮೀರಿದೆ ಎಂದಾದರೆ ನಿಮ್ಮ ಪಾಲುದಾರರ ಅಂಜಿಕೆಯನ್ನು ನಾನು ತಳ್ಳಿಹಾಕಲಾರೆ.

ಅವರು ಒಪ್ಪಿ, ನೀವೊಬ್ಬರೇ ಹೆಚ್ಚಿನ ಹಣ ಹಾಕುವುದಾದರೆ ಅದನ್ನು ಎರಡು ರೀತಿಯಲ್ಲಿ ದಾಖಲಿಸಬಹುದು. ಮೊದಲನೆಯದು, ಅದನ್ನು ಸಂಸ್ಥೆಗೆ ನೀವು ಕೊಟ್ಟ ಸಾಲವೆಂದು ಬರೆದು, ಗೊತ್ತಾದ ಬಡ್ಡಿಯ ಸಮೇತ ಎಲ್ಲರ ಅಸಲಿಗಿಂತ ಮೊದಲು ನಿಮಗೆ ಮರಳುವಂತೆ ಮಾಡುವುದು. ಎರಡನೆಯದು, ಅದನ್ನು ಬಂಡವಾಳವೆಂದೇ ಪರಿಗಣಿಸಿ ನಿಮ್ಮ ಪಾಲನ್ನು ಹೆಚ್ಚಿಸಿ ಅವರದನ್ನು ಇಳಿಸುವುದು. ನನ್ನ ಒಲವು ಮೊದಲನೆಯದರ ಕಡೆಗೆ, ಏಕೆಂದರೆ ಒಂದೇ ಮನೆಯ ವ್ಯವಹಾರದಲ್ಲಿ ಪಾಲಿನ ಪ್ರಮಾಣವನ್ನು ನಡುವೆ ತಿದ್ದಲು ಹೊರಟರೆ ಅರ್ಧ ಮುಗಿದ ಮನೆಯ ಬೆಲೆ ಎಷ್ಟೆಂಬ ಹೊಸ ಜಗಳ ಹುಟ್ಟಿಕೊಳ್ಳುತ್ತದೆ. ಏನೂ ಬರೆಯದೆ ಹಣ ಹಾಕುತ್ತ ಹೋಗುವುದು ಮಾತ್ರ ಬೇಡ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಂಥ ಕಡೆಯೇ ಹೆಚ್ಚು ನಿಜವಾಗುವುದು.

ಇನ್ನೂ ಒಪ್ಪಂದ ಬರೆಯದಿರುವ ಓದುಗರಿಗೆ ಈ ಪ್ರಶ್ನೆಯ ನೆಪದಲ್ಲಿ ಒಂದು ಮಾತು. ಪಾಲುದಾರರಲ್ಲಿ ಒಮ್ಮತ ಮೂಡದಿದ್ದಾಗ ಬಳಸುವ ಒಂದು ಹಳೆಯ ಉಪಾಯವಿದೆ: ಒಬ್ಬರು ಬೆಲೆ ಹೇಳಬೇಕು, ಇನ್ನೊಬ್ಬರು ಅದೇ ಬೆಲೆಗೆ ಅವರ ಪಾಲನ್ನು ಕೊಳ್ಳಬಹುದು ಅಥವಾ ತಮ್ಮ ಪಾಲನ್ನು ಅವರಿಗೆ ಮಾರಬಹುದು. ಬೆಲೆ ಹೇಳುವವರಿಗೆ ತಾವು ಕೊಳ್ಳುವವರೋ ಮಾರುವವರೋ ಎಂಬುದು ತಿಳಿಯದ ಕಾರಣ ಅವರು ನ್ಯಾಯವಾದ ಬೆಲೆಯನ್ನೇ ಹೇಳುತ್ತಾರೆ ಎಂಬುದು ಇದರ ತರ್ಕ. ತರ್ಕ ಸೊಗಸಾಗಿದೆ, ಆದರೆ ಇಬ್ಬರ ಕೈಯಲ್ಲೂ ಹಣವಿದ್ದಾಗ ಮಾತ್ರ ಅದು ನಡೆಯುತ್ತದೆ. ಒಬ್ಬರ ಜೇಬು ಬರಿದಾಗಿದೆಯೆಂದು ಇನ್ನೊಬ್ಬರಿಗೆ ಗೊತ್ತಿದ್ದರೆ, ಅವರು ಕಡಿಮೆ ಬೆಲೆ ಹೇಳಿ ಪಾಲನ್ನು ಸುಲಭವಾಗಿ ಕಿತ್ತುಕೊಳ್ಳಬಹುದು. ದುಡಿಮೆ ಹಾಕುವವರೂ ಹಣ ಹಾಕುವವರೂ ಸೇರಿದ ಪಾಲುದಾರಿಕೆಯಲ್ಲಿ ಈ ಷರತ್ತಿಗಿಂತ, ಇಬ್ಬರೂ ಒಪ್ಪುವ ಸ್ವತಂತ್ರ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಕೊಳ್ಳುವವರಿಗೆ ಹಣ ಹೊಂದಿಸಲು ಕೆಲವು ತಿಂಗಳ ಗಡುವು ಕೊಡುವ ಷರತ್ತು ಮೇಲು. ಅದರ ಜೊತೆಗೆ ಇಂತಿಷ್ಟು ಮೊತ್ತ ಮೀರಿದ ಖರ್ಚಿಗೆ ಎಲ್ಲರ ಒಪ್ಪಿಗೆ ಬೇಕು, ಇಂಥ ದಿನಾಂಕದೊಳಗೆ ಮನೆ ಮಾರಾಟವಾಗದಿದ್ದರೆ ಬೆಲೆಯನ್ನು ಇಷ್ಟಕ್ಕೆ ಇಳಿಸಬೇಕು, ಪಾಲುದಾರರೊಬ್ಬರು ತೀರಿಕೊಂಡರೆ ಅವರ ವಾರಸುದಾರರಿಗೆ ಹಣ ಸಲ್ಲಬೇಕೇ ಹೊರತು ವ್ಯವಹಾರದಲ್ಲಿ ದನಿಯಲ್ಲ ಎಂಬ ಮೂರು ವಾಕ್ಯಗಳಾದರೂ ಇರಲಿ. ಕೊನೆಯದು ಮುಖ್ಯ: ಮೇಲೆ ಹೇಳಿದ ಎರಡೂ ಕಾಯ್ದೆಗಳ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪಾಲುದಾರರೊಬ್ಬರ ಸಾವಿನೊಂದಿಗೆ ಪಾಲುದಾರಿಕೆಯೇ ವಿಸರ್ಜನೆಯಾಗುತ್ತದೆ, ಛಾವಣಿ ಬಿಚ್ಚಿದ ಮನೆ ನಡುದಾರಿಯಲ್ಲಿ ನಿಲ್ಲುತ್ತದೆ.

ಪ್ರಶ್ನೆ: ಮಾರುವ ಬೆಲೆಯ ಶೇ 70ರಲ್ಲಿ ದುರಸ್ತಿಯ ಖರ್ಚನ್ನು ಕಳೆದು ಉಳಿದದ್ದಕ್ಕಿಂತ ಹೆಚ್ಚು ಕೊಟ್ಟು ಮನೆ ಕೊಳ್ಳಬಾರದು ಎಂಬ ನಿಯಮವನ್ನು ಕೇಳಿದ್ದೇನೆ. ಇದನ್ನು ನಂಬಬಹುದೇ?

ಉತ್ತರ: ಇದು ಅಮೆರಿಕದ ಫ್ಲಿಪ್ಪರುಗಳಲ್ಲಿ ಬಳಕೆಯಲ್ಲಿರುವ ಒಂದು ಸ್ಥೂಲ ಸೂತ್ರ. ಹತ್ತು ಮನೆಗಳಲ್ಲಿ ಎಂಟನ್ನು ಬೇಗ ಬದಿಗೆ ಸರಿಸಲು ಉಪಯುಕ್ತ, ಉಳಿದ ಎರಡರಲ್ಲಿ ಒಂದನ್ನು ಕೊಳ್ಳಲು ಸಾಲದು. ಆ ಶೇ 30ರೊಳಗೆ ಖರೀದಿಯ ಶುಲ್ಕ, ಸಾಲದ ಬಡ್ಡಿ, ವಿಮೆ, ಆಸ್ತಿ ತೆರಿಗೆ, ದಲ್ಲಾಳಿಯ ಕಮಿಷನ್, ನಿಮ್ಮ ಲಾಭ ಎಲ್ಲವೂ ಅಡಗಬೇಕು. ಮುದ್ರಾಂಕ ಶುಲ್ಕ ಹೆಚ್ಚಿರುವ ಕಡೆ ಅದು ಅಡಗುವುದಿಲ್ಲ.

ಮಾರುವ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವುದು ಸರಿಯಾದ ದಾರಿ. ದುರಸ್ತಿಯಾದ ಮನೆ 100ಕ್ಕೆ ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳಿ. ಮಾರಾಟದ ಖರ್ಚು 3, ಖರೀದಿಯ ಶುಲ್ಕ ಮತ್ತು ನೋಂದಣಿ 7, ತಿಂಗಳಿಗೆ 1ರಂತೆ ಆರು ತಿಂಗಳ ಬಡ್ಡಿ ಮತ್ತು ನಿರ್ವಹಣೆ 6, ದುರಸ್ತಿ 20, ದುರಸ್ತಿಯಲ್ಲಿ ಎದುರಾಗುವ ಅನಿರೀಕ್ಷಿತಕ್ಕೆ ಅದರ ಶೇ 15ರಂತೆ 3, ನೀವು ಬಯಸುವ ಲಾಭ 15. ಎಲ್ಲ ಸೇರಿ 54. ಆದ್ದರಿಂದ ಮನೆಗೆ ನೀವು ಕೊಡಬಹುದಾದದ್ದು ಹೆಚ್ಚೆಂದರೆ 46. ಶೇ 70ರ ಸೂತ್ರ 50 ಕೊಡಬಹುದು ಎನ್ನುತ್ತಿತ್ತು. ಈ 4ರ ವ್ಯತ್ಯಾಸ ನೋಡಲು ಸಣ್ಣದು, ಆದರೆ ಅದು ನಿಮ್ಮ ಲಾಭದ ಕಾಲು ಭಾಗಕ್ಕಿಂತ ಹೆಚ್ಚು. ಇನ್ನು ಆರು ತಿಂಗಳ ಕೆಲಸ ಹನ್ನೊಂದು ತಿಂಗಳಿಗೆ ಎಳೆದರೆ ಲಾಭದ ಮೂರನೆಯ ಒಂದು ಭಾಗ ಬಡ್ಡಿಗೇ ಹೋಯಿತು. ಈ ವ್ಯವಹಾರದಲ್ಲಿ ಟೈಲ್ಸಿನ ಬೆಲೆಗೆ ಗಂಟೆಗಟ್ಟಲೆ ಚೌಕಾಸಿ ಮಾಡುವವರು ಗುತ್ತಿಗೆದಾರರು ಕಳೆದುಕೊಂಡ ವಾರಗಳ ಬಗ್ಗೆ ಉದಾರಿಗಳಾಗಿರುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಎಲ್ಲಕ್ಕಿಂತ ದುರ್ಬಲವಾದ ಅಂಕಿ ಆ ಮೊದಲ 100. ಅದನ್ನು ಜಾಹೀರಾತುಗಳಲ್ಲಿ ಮಾಲೀಕರು ಕೇಳುತ್ತಿರುವ ಬೆಲೆಯಿಂದ ಅಂದಾಜಿಸಬೇಡಿ. ಅದೇ ಬಡಾವಣೆಯಲ್ಲಿ, ಅಷ್ಟೇ ಅಳತೆಯ, ಈಚಿನ ಆರು ತಿಂಗಳಲ್ಲಿ ನಿಜವಾಗಿ ಮಾರಾಟವಾದ ಮನೆಗಳ ಬೆಲೆಯನ್ನು ಹಿಡಿಯಿರಿ. ಅಂಥ ಮೂರು ಮನೆಗಳೂ ಸಿಗದಿದ್ದರೆ ಆ ಜಾಗದಲ್ಲಿ ಮಾರಾಟವೇ ನಿಧಾನವೆಂದು ತಿಳಿಯಿರಿ. ಕೆಲವೇ ತಿಂಗಳು ಮುಂದಿನ ಬೆಲೆಯನ್ನು ಊಹಿಸುವುದು ಎಷ್ಟು ಕಷ್ಟವೆಂಬುದಕ್ಕೆ ಅಮೆರಿಕದ ಜಿಲ್ಲೋ ಕಂಪನಿಯ ಉದಾಹರಣೆ ಸಾಕು. ಲಕ್ಷಾಂತರ ಮನೆಗಳ ಮಾಹಿತಿ ಕೈಯಲ್ಲಿದ್ದ ಆ ಕಂಪನಿ, ಮನೆಗಳನ್ನು ತಾನೇ ಕೊಂಡು ಸ್ವಲ್ಪ ಸರಿಪಡಿಸಿ ಮಾರುವ ವಿಭಾಗ ತೆರೆದು, ಬೆಲೆಗಳನ್ನು ಮುಂದಾಗಿ ಅಂದಾಜಿಸಲಾಗುತ್ತಿಲ್ಲ ಎಂಬ ಕಾರಣ ಕೊಟ್ಟು 2021ರ ನವೆಂಬರಿನಲ್ಲಿ ಅದನ್ನು ಮುಚ್ಚುವುದಾಗಿ ಘೋಷಿಸಿತು, ತನ್ನ ಸಿಬ್ಬಂದಿಯಲ್ಲಿ ಸುಮಾರು ಕಾಲು ಭಾಗವನ್ನು ಕೈಬಿಟ್ಟಿತು. ಅದು ಬೆಲೆಗಳು ಏರುತ್ತಿದ್ದ ವರ್ಷ ಎಂಬುದನ್ನೂ ಗಮನಿಸಿ.

ಪ್ರಶ್ನೆ: ಮನೆ ಕೊಳ್ಳುವ ಮೊದಲು ಯಾವುದನ್ನು ಮುಖ್ಯವಾಗಿ ಪರೀಕ್ಷಿಸಬೇಕು?

ಉತ್ತರ: ಕಣ್ಣಿಗೆ ಕಾಣದ್ದನ್ನು. ಬಣ್ಣ, ನೆಲಹಾಸು, ಅಡುಗೆಮನೆಯ ಕಪಾಟುಗಳ ಖರ್ಚನ್ನು ಯಾರಾದರೂ ಅಂದಾಜಿಸಬಲ್ಲರು. ಅಡಿಪಾಯದ ಕುಸಿತ, ಛಾವಣಿಯ ಸೋರಿಕೆ, ಗೋಡೆಯೊಳಗಿನ ತೇವ, ನೆಲದಡಿಯ ಒಳಚರಂಡಿ ಕೊಳವೆ, ಹಳೆಯ ವಿದ್ಯುತ್ ತಂತಿ, ಗೆದ್ದಲು, ಇವು ಅಂದಾಜನ್ನು ತಲೆಕೆಳಗೆ ಮಾಡುವಂಥವು. ಮುಂಗಡ ಕೊಡುವ ಮೊದಲೇ ಮಾರುವವರಿಗೂ ದಲ್ಲಾಳಿಗೂ ಸಂಬಂಧವಿಲ್ಲದ ಎಂಜಿನಿಯರೊಬ್ಬರಿಂದ ಪರೀಕ್ಷೆ ಮಾಡಿಸಿ. ಹಳೆಯ ಕಟ್ಟಡಗಳಲ್ಲಿ ಸೀಸ ಬೆರೆತ ಬಣ್ಣ ಮತ್ತು ಆಸ್ಬೆಸ್ಟಾಸ್ ಇರಬಹುದು. ಮನೆಗಳಿಗೆ ಸೀಸದ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ, ಆಸ್ಬೆಸ್ಟಾಸ್ ಬಳಕೆಯನ್ನು ಬ್ರಿಟನ್ ಪೂರ್ತಿಯಾಗಿ ನಿಷೇಧಿಸಿದ್ದು 1999ರಲ್ಲಿ ಎಂಬುದನ್ನು ನೋಡಿದರೆ, ಅದಕ್ಕಿಂತ ಹಳೆಯ ಗೋಡೆಯನ್ನೋ ಹಾಳೆಯನ್ನೋ ಒಡೆಯುವ ಮುನ್ನ ವಿಚಾರಿಸುವುದು ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ ಅಗತ್ಯ. ಅನುಮತಿಯಿಲ್ಲದೆ ಕಟ್ಟಿದ ಕೋಣೆ ಅಥವಾ ಮಹಡಿಯಿದ್ದರೆ ಅದಕ್ಕೆ ಬೆಲೆಯನ್ನೇ ಕಟ್ಟಬೇಡಿ, ಏಕೆಂದರೆ ನಿಮ್ಮಿಂದ ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕೂ ಕಟ್ಟುವುದಿಲ್ಲ.

ಪ್ರಶ್ನೆ: ಸಾಲ ಸುಲಭವಾಗಿ ಸಿಗುವುದರಿಂದ ಮನೆಯನ್ನು ಒಬ್ಬರ ಹೆಸರಿನಲ್ಲೇ ಕೊಳ್ಳೋಣ, ನಮ್ಮೊಳಗೆ ನಂಬಿಕೆ ಇದೆಯಲ್ಲ ಎಂದು ನನ್ನ ಭಾವನವರು ಹೇಳುತ್ತಾರೆ. ಇದರಲ್ಲಿ ತೊಂದರೆ ಏನು?

ಉತ್ತರ: ನಿಮ್ಮ ಭಾವನವರ ಮೇಲೆ ನಿಮಗೆ ನಂಬಿಕೆ ಇರಬಹುದು, ಇರಲಿ. ಆದರೆ ಮನೆ ಅವರ ಹೆಸರಿನಲ್ಲಿರುವಷ್ಟು ದಿನ ನೀವು ಅವರೊಬ್ಬರನ್ನೇ ಅಲ್ಲ, ಅವರಿಗೆ ಸಾಲ ಕೊಟ್ಟವರನ್ನೂ, ಅವರ ಮೇಲೆ ದಾವೆ ಹೂಡಬಹುದಾದವರನ್ನೂ, ಅವರ ವಾರಸುದಾರರನ್ನೂ ನಂಬಬೇಕಾಗುತ್ತದೆ. ಅವರ ಬೇರೊಂದು ವ್ಯವಹಾರ ಮುಳುಗಿದರೆ ನ್ಯಾಯಾಲಯ ಜಪ್ತಿ ಮಾಡುವುದು ದಾಖಲೆಯಲ್ಲಿ ಅವರ ಹೆಸರಿರುವ ಆಸ್ತಿಯನ್ನು. ಅದರಲ್ಲಿ ಅರ್ಧ ನಿಮ್ಮದೆಂದು ಆಗ ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಇದಲ್ಲದೆ ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಕೊಳ್ಳುವುದನ್ನು ಕೆಲವು ದೇಶಗಳ ಕಾನೂನು ಅನುಮಾನದಿಂದಲೇ ನೋಡುತ್ತದೆ. ಭಾರತದಲ್ಲಿ 1988ರ ಬೇನಾಮಿ ವ್ಯವಹಾರಗಳ ಕಾಯ್ದೆಯನ್ನು 2016ರಲ್ಲಿ ಇನ್ನಷ್ಟು ಬಿಗಿಗೊಳಿಸಲಾಗಿದೆ. ಬರೆದ ಪಾಲುದಾರಿಕೆ ಇದ್ದರೆ ಅದರಲ್ಲಿ ವಿನಾಯಿತಿಯ ದಾರಿ ಸಿಗಬಹುದು, ಬಾಯಿಮಾತಿನ ನಂಬಿಕೆಗೆ ಅಷ್ಟು ಬಲವಿಲ್ಲ.

ಇಬ್ಬರ ಹೆಸರಿನಲ್ಲೂ ಕೊಳ್ಳುವಾಗ ಕ್ರಯಪತ್ರದಲ್ಲಿ ಒಬ್ಬೊಬ್ಬರ ಪಾಲು ಎಷ್ಟೆಂದು ಬರೆಸಿ. ಇಂಗ್ಲಿಷ್ ಕಾನೂನಿನ ಪರಂಪರೆಯಲ್ಲಿ ಜಂಟಿ ಒಡೆತನಕ್ಕೆ ಎರಡು ಬಗೆಯಿವೆ: ಒಂದರಲ್ಲಿ ಒಬ್ಬರು ಸತ್ತರೆ ಅವರ ಪಾಲು ಉಳಿದವರಿಗೆ ತಾನಾಗಿ ಹೋಗುತ್ತದೆ, ಇನ್ನೊಂದರಲ್ಲಿ ಅವರ ವಾರಸುದಾರರಿಗೆ ಹೋಗುತ್ತದೆ. ಗಂಡ ಹೆಂಡತಿಗೆ ಮೊದಲನೆಯದು ಸರಿಹೋಗಬಹುದು, ವ್ಯವಹಾರದ ಪಾಲುದಾರರಿಗೆ ಸಾಮಾನ್ಯವಾಗಿ ಎರಡನೆಯದೇ ಬೇಕಾಗಿರುತ್ತದೆ.

ಪ್ರಶ್ನೆ: ನನ್ನ ಮೊದಲ ಎರಡು ಮನೆಗಳಲ್ಲಿ ಒಳ್ಳೆಯ ಲಾಭ ಬಂತು. ಈಗ ಪರಿಚಯದ ಇಪ್ಪತ್ತು ಮೂವತ್ತು ಮಂದಿಯಿಂದ ಸಣ್ಣ ಸಣ್ಣ ಮೊತ್ತ ಸಂಗ್ರಹಿಸಿ, ವರ್ಷಕ್ಕೆ ನಿಶ್ಚಿತ ಪ್ರತಿಫಲ ಕೊಡುವ ಭರವಸೆಯ ಮೇಲೆ ದೊಡ್ಡ ಮಟ್ಟದಲ್ಲಿ ಮಾಡಬೇಕೆಂದಿದ್ದೇನೆ. ನಿಮ್ಮ ಸಲಹೆ ಏನು?

ಉತ್ತರ: ಒಂದು ರೂಪಾಯಿಯನ್ನೂ ಮುಟ್ಟುವ ಮೊದಲು ವಕೀಲರನ್ನು ಕಾಣಿರಿ. ಅವರನ್ನು ನೀವು ಪಾಲುದಾರರೆಂದು ಕರೆಯಬಹುದು, ಕಾನೂನು ಹಾಗೆ ಕರೆಯದಿರಬಹುದು. ವ್ಯವಹಾರದಲ್ಲಿ ದನಿಯಿರುವವರು, ಲೆಕ್ಕ ಕೇಳಿ ನಿರ್ಧಾರಗಳಲ್ಲಿ ಭಾಗವಹಿಸುವವರು ಪಾಲುದಾರರು. ಹಣ ಕೊಟ್ಟು, ನಿಮ್ಮ ದುಡಿಮೆಯಿಂದ ಬರುವ ಲಾಭಕ್ಕಾಗಿ ಕಾದು ಕೂತವರು ಹೂಡಿಕೆದಾರರು, ಮತ್ತು ಸಾರ್ವಜನಿಕರಿಂದ ಹೂಡಿಕೆ ಸಂಗ್ರಹಿಸಲು ಬಹುತೇಕ ಎಲ್ಲ ದೇಶಗಳಲ್ಲೂ ನೋಂದಣಿ, ಪರವಾನಗಿ, ಮಾಹಿತಿ ಪತ್ರಗಳ ಕಟ್ಟುಪಾಡುಗಳಿವೆ. ಈ ಗೆರೆಯನ್ನು ಎಳೆದ ಪ್ರಸಿದ್ಧ ತೀರ್ಪು ಹುಟ್ಟಿದ್ದು ಭೂಮಿಯ ವ್ಯವಹಾರದಿಂದಲೇ. ಫ್ಲಾರಿಡಾದ ಹೋವಿ ಎಂಬ ಕಂಪನಿ ತನ್ನ ಕಿತ್ತಳೆ ತೋಟವನ್ನು ತುಂಡು ತುಂಡಾಗಿ ಮಾರಿ, ಕೊಂಡವರ ಪರವಾಗಿ ಬೇಸಾಯವನ್ನು ತಾನೇ ಮಾಡಿ ಲಾಭ ಹಂಚುವ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಹೆಸರಿಗೆ ಅದು ಜಮೀನಿನ ಮಾರಾಟವಾದರೂ, ಇತರರ ದುಡಿಮೆಯಿಂದ ಲಾಭ ಬಯಸಿ ಸಾಮೂಹಿಕ ಉದ್ಯಮವೊಂದರಲ್ಲಿ ಹಣ ತೊಡಗಿಸಿದ್ದರಿಂದ ಅದು ಹೂಡಿಕೆ ಪತ್ರದ ಮಾರಾಟವೇ ಆಗುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1946ರಲ್ಲಿ ಹೇಳಿತು. ಭಾರತದಲ್ಲಿ ಇಂಥ ಸಾಮೂಹಿಕ ಹೂಡಿಕೆ ಯೋಜನೆಗಳು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಹಿಡಿತಕ್ಕೆ ಬರುತ್ತವೆ, ಜೊತೆಗೆ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯ್ದೆಯೂ ಇದೆ. ಅದರಡಿ ಜೈಲು ಶಿಕ್ಷೆಗೂ ಅವಕಾಶವಿದೆ.

ಕಾನೂನನ್ನು ಬದಿಗಿಟ್ಟರೂ ನಿಶ್ಚಿತ ಪ್ರತಿಫಲದ ಮಾತು ನನಗೆ ಒಪ್ಪಿಗೆಯಿಲ್ಲ. ಮನೆ ಯಾವಾಗ ಮಾರಾಟವಾಗುತ್ತದೆಂಬುದೇ ನಿಶ್ಚಿತವಲ್ಲದ ವ್ಯವಹಾರದಲ್ಲಿ ನಿಶ್ಚಿತ ದಿನಕ್ಕೆ ನಿಶ್ಚಿತ ಮೊತ್ತ ಕೊಡುವೆನೆಂದವರು, ಮನೆ ಮಾರಾಟವಾಗದ ತಿಂಗಳು ಹೊಸಬರ ಹಣದಿಂದ ಹಳಬರಿಗೆ ಕೊಡುವ ಆಸೆಗೆ ಬೀಳುತ್ತಾರೆ. ಅಲ್ಲಿಂದ ಮುಂದಿನದು ವಂಚನೆಯ ಪ್ರಕರಣವೇ, ಆರಂಭದಲ್ಲಿ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ. ಎರಡು ಮನೆಗಳ ಲಾಭ ನಿಮ್ಮ ಜಾಣತನದಿಂದ ಬಂತೋ ಆ ಅವಧಿಯಲ್ಲಿ ಬೆಲೆಗಳು ತಾವಾಗಿ ಏರಿದ್ದರಿಂದ ಬಂತೋ ಎಂಬುದನ್ನು, ಅಷ್ಟೇ ಕಾಲದಲ್ಲಿ ದುರಸ್ತಿಯಾಗದ ಅಕ್ಕಪಕ್ಕದ ಮನೆಗಳ ಬೆಲೆ ಎಷ್ಟು ಏರಿತೆಂದು ನೋಡಿ ಮೊದಲು ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಬೇಗ ಮಾರಿದರೆ ತೆರಿಗೆ ಹೆಚ್ಚೇ?

ಉತ್ತರ: ಅನೇಕ ಕಡೆ ಹೌದು, ಮತ್ತು ಸರ್ಕಾರಗಳು ಬೇಕೆಂದೇ ಹಾಗೆ ಮಾಡಿವೆ. ಕೆನಡಾದಲ್ಲಿ 2023ರ ಆರಂಭದಿಂದ, 365 ದಿನಗಳೊಳಗೆ ಮಾರಿದ ವಸತಿ ಆಸ್ತಿಯ ಲಾಭವನ್ನು, ಸಾವು, ವಿಚ್ಛೇದನದಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ವ್ಯಾಪಾರದ ಆದಾಯವೆಂದೇ ಪರಿಗಣಿಸಲಾಗುತ್ತದೆ. ಸಿಂಗಾಪುರದಲ್ಲಿ 2025ರ ಜುಲೈ 4ರಿಂದ ಈಚೆಗೆ ಕೊಂಡ ಮನೆಯನ್ನು ಮೊದಲ ವರ್ಷದೊಳಗೆ ಮಾರಿದರೆ, ಲಾಭವಾಗಲಿ ಬಿಡಲಿ, ಮಾರುವವರು ಶೇ 16ರಷ್ಟು ಶುಲ್ಕ ತೆರಬೇಕು. ನಾಲ್ಕು ವರ್ಷ ಕಳೆದ ಮೇಲಷ್ಟೇ ಅದು ಇಲ್ಲವಾಗುತ್ತದೆ. ನ್ಯೂಜಿಲೆಂಡಿನಲ್ಲಿ 2024ರ ಜುಲೈನಿಂದ, ಕೊಂಡ ಎರಡು ವರ್ಷಗಳೊಳಗೆ ಮಾರಿದ ಮನೆಯ ಲಾಭಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಭಾರತದಲ್ಲಿಯೂ 24 ತಿಂಗಳು ಮೀರಿ ಇಟ್ಟುಕೊಂಡ ಮನೆಯ ಲಾಭಕ್ಕೆ ಮಾತ್ರ ದೀರ್ಘಾವಧಿಯ ದರ ಅನ್ವಯಿಸುತ್ತದೆ, ಮತ್ತೆ ಮತ್ತೆ ಕೊಂಡು ಮಾರುವವರ ಲಾಭವನ್ನು ತೆರಿಗೆ ಇಲಾಖೆ ವ್ಯಾಪಾರದ ಆದಾಯವೆಂದು ಕಾಣಬಹುದು. ಅಮೆರಿಕದ್ದು ತೆರಿಗೆಯ ವಿಷಯವಲ್ಲದಿದ್ದರೂ ಗಮನಾರ್ಹ: ಮಾರುವವರು ಮನೆ ಕೊಂಡು 90 ದಿನಗಳಾದರೂ ಆಗಿರದಿದ್ದರೆ, ಅದನ್ನು ಸರ್ಕಾರಿ ಖಾತರಿಯ ಎಫ್‌ಎಚ್‌ಎ ಸಾಲದಲ್ಲಿ ಕೊಳ್ಳಲು ಸಾಮಾನ್ಯವಾಗಿ ಬರುವುದಿಲ್ಲ. ಅಂಥ ಸಾಲ ಪಡೆಯುವವರಲ್ಲಿ ಮೊದಲ ಮನೆ ಕೊಳ್ಳುವವರೇ ಹೆಚ್ಚು, ನೀವು ಸರಿಪಡಿಸಿದ ಸಣ್ಣ ಮನೆಗೆ ಗಿರಾಕಿಗಳೂ ಅವರೇ. ತೆರಿಗೆ ಸಲಹೆಗಾರರನ್ನು ಮಾರಿದ ಮೇಲೆ ಕಾಣುವುದಕ್ಕಿಂತ ಕೊಳ್ಳುವ ಮೊದಲು ಕಾಣಿರಿ.

ಪ್ರಶ್ನೆ: ಮಾರುವ ಬದಲು ಬಾಡಿಗೆಗೆ ಕೊಟ್ಟು ಇಟ್ಟುಕೊಳ್ಳುವುದು ಉತ್ತಮವಲ್ಲವೇ?

ಉತ್ತರ: ಅದು ಬೇರೆಯೇ ವ್ಯವಹಾರ. ಬಾಡಿಗೆಯಲ್ಲಿ ಸಾಲದ ಕಂತು, ತೆರಿಗೆ, ದುರಸ್ತಿ ಮತ್ತು ಮನೆ ಖಾಲಿ ಬಿದ್ದಿರುವ ತಿಂಗಳುಗಳ ನಷ್ಟ ಎಲ್ಲವೂ ಕಳೆದು ಏನಾದರೂ ಉಳಿಯುವುದಾದರೆ ಯೋಚಿಸಬಹುದು. ಆದರೆ ಆರು ತಿಂಗಳಿಗೆಂದು ಹಣ ಕೊಟ್ಟ ಪಾಲುದಾರರನ್ನು ಆರು ವರ್ಷ ಕಾಯಿಸುವ ಹಕ್ಕು ನಿಮಗಿಲ್ಲ. ಮನೆ ಮಾರಾಟವಾಗದೆ ಉಳಿದಾಗ ಬಾಡಿಗೆಗೆ ಕೊಡುವ ಆಲೋಚನೆ ಬರುವುದೇ ಹೆಚ್ಚು. ಹಾಗೆ ಬರುವ ಸಂಭವವಿದ್ದರೆ, ಹಣ ವಾಪಸು ಬೇಕೆನ್ನುವ ಪಾಲುದಾರರ ಪಾಲನ್ನು ಯಾರು, ಯಾವ ಬೆಲೆಗೆ, ಎಷ್ಟು ದಿನಗಳೊಳಗೆ ಕೊಳ್ಳಬೇಕೆಂಬುದನ್ನು ಮೊದಲ ದಿನದ ಒಪ್ಪಂದದಲ್ಲೇ ಸೇರಿಸಿಕೊಳ್ಳಿ.